ಹಾಡಿನೊಳಗಿನ ಬೀದಿ ಯಾರದು? ಓದುಗರ ಪ್ರಶ್ನೆ, ಅಂಕಣದ ಉತ್ತರ

ಕಳೆದ ಸಂಚಿಕೆಯಲ್ಲಿ ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನ ಗ್ಯಾರೇಜೊಂದರಲ್ಲಿ ದುಡಿಯುವ ಹುಡುಗನೊಬ್ಬ ತಾನೇ ಬರೆದ, ತಾಳದ ಬಡಿತಕ್ಕೆ ಪ್ರಾಸದ ಮಾತನ್ನು ಲಯಬದ್ಧವಾಗಿ ಹೇಳುವ ರ‍್ಯಾಪ್ ಹೇಳಿದ್ದನ್ನು ಪ್ರಸ್ತಾಪಿಸಿ, 'ಇದು ನಮ್ಮ ಜಿಲ್ಲೆಯ ಹೊಸ ಲಾವಣಿ' ಎಂದು ಒಂದು ವಾಕ್ಯ ಬರೆದಿದ್ದೆ. ಈಚಿನ ದಿನಗಳಲ್ಲಿ ಈ ಅಂಕಣಕ್ಕೆ ಬೇರಾವ ಮಾತಿಗೂ ಇಷ್ಟು ಪತ್ರಗಳು ಬಂದಿರಲಿಲ್ಲ. ಒಪ್ಪಿದವರಿದ್ದಾರೆ, ಸಿಟ್ಟಾದವರಿದ್ದಾರೆ, ತಮ್ಮ ಮನೆಯ ಮಕ್ಕಳನ್ನು ನೆನೆದು ಕಳವಳಪಟ್ಟವರೂ ಇದ್ದಾರೆ. ಕೆಲವು ಪತ್ರಗಳನ್ನು ಆಯ್ದು ಉತ್ತರಿಸಿದ್ದೇನೆ. ಪತ್ರಗಳಲ್ಲಿ ಮನೆಯ ಸಂಗತಿಗಳಿರುವುದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಲಾವಣಿಯಲ್ಲಿ ಕಥೆಯಿತ್ತು, ವಚನದಲ್ಲಿ ವಿನಯವಿತ್ತು. ಈ ರ‍್ಯಾಪ್ ಹಾಡುಗಳಲ್ಲಿ ಎರಡು ಸಾಲಿಗೊಮ್ಮೆ 'ನಾನು, ನಾನು' ಎಂಬ ಜಂಬವೇ ಕೇಳಿಸುತ್ತದೆ. ಬಡತನದ ಕಥೆ ಹೇಳಿದ ಮರುಸಾಲಿನಲ್ಲೇ ಚಿನ್ನದ ಸರ, ಕಾರು ಎನ್ನುತ್ತಾರೆ. ಇದನ್ನು ಕಾವ್ಯವೆಂದು ಹೇಗೆ ಒಪ್ಪುವುದು?
– ನಿವೃತ್ತ ಅಧ್ಯಾಪಕರು, ತೀರ್ಥಹಳ್ಳಿ

ಉತ್ತರ: ಮೇಷ್ಟ್ರೇ, ನಿಮ್ಮ ಸುತ್ತಿನ ಊರುಗಳಲ್ಲಿ ಮಳೆಗಾಲದ ರಾತ್ರಿ ನಡೆಯುವ ತಾಳಮದ್ದಳೆಯನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ಮಾತಿನಿಂದಲೇ ಪಾತ್ರ ಕಟ್ಟುವ ಅರ್ಥಧಾರಿ ಕರ್ಣನಾಗಿ ಕುಳಿತಾಗ ಮೊದಲು ಕಟ್ಟುವುದು ಪೀಠಿಕೆಯನ್ನು. ತಾನು ಯಾರು, ಯಾರಿಂದ ಅವಮಾನ ಉಂಡೆ, ಯಾವ ಬಲದಿಂದ ಈ ಸಭೆಯಲ್ಲಿ ನಿಂತಿದ್ದೇನೆ ಎಂಬುದನ್ನು ಎದುರಾಳಿ ಬಾಯಿ ತೆರೆಯುವ ಮೊದಲೇ ಆತ ಸಾರಿಬಿಡುತ್ತಾನೆ. ಅದನ್ನು ನಾವು ಜಂಬವೆಂದು ಹೀಗಳೆಯುವುದಿಲ್ಲ. ಸೂತಪುತ್ರನೆಂದು ಮೂದಲಿಸಿಕೊಂಡವನು ತನ್ನ ಹೆಸರನ್ನು ತಾನೇ ಹೇಳಿಕೊಳ್ಳದಿದ್ದರೆ ಆ ಸಭೆಯಲ್ಲಿ ಬೇರೆ ಯಾರೂ ಹೇಳುವುದಿಲ್ಲವೆಂದು ನಮಗೆ ಗೊತ್ತಿರುತ್ತದೆ.

ರ‍್ಯಾಪಿನ 'ನಾನು' ಹುಟ್ಟಿದ್ದೂ ಅಂಥ ಜಾಗದಲ್ಲಿಯೇ. ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶದಲ್ಲಿ 1948ರಲ್ಲಿ ಕೆಲಸ ಆರಂಭವಾದ ಹೆದ್ದಾರಿಯೊಂದು ಜನ ತುಂಬಿದ ಕೇರಿಗಳನ್ನೇ ಸೀಳಿಕೊಂಡು ಹೋಗಿ ಸಾವಿರಾರು ಮಂದಿ ಮನೆ ಕಳೆದುಕೊಂಡರು. ಅನುಕೂಲಸ್ಥರು ಜಾಗ ಖಾಲಿ ಮಾಡಿದರು, ಉಳಿದ ಬಡವರ ವಠಾರಗಳಿಗೆ 1970ರ ದಶಕದಲ್ಲಿ ಒಂದರ ಹಿಂದೊಂದರಂತೆ ಬೆಂಕಿ ಬಿತ್ತು. ಅಲ್ಲಿಯೇ, ಸೆಡ್ಜ್‌ವಿಕ್ ಅವೆನ್ಯೂವಿನ 1520ನೆಯ ಸಂಖ್ಯೆಯ ಕಟ್ಟಡದಲ್ಲಿ, 1973ರ ಆಗಸ್ಟ್ 11ರಂದು ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಶಾಲೆಗೆ ಹೊಸ ಬಟ್ಟೆ ಕೊಳ್ಳಲು ಹಣ ಕೂಡಿಸುವುದಕ್ಕಾಗಿ ಒಂದು ಸಂತೋಷಕೂಟ ಏರ್ಪಡಿಸಿದಳು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್ ಪ್ರವೇಶ. ಜಮೈಕಾದಿಂದ ವಲಸೆ ಬಂದ ಅವಳ ಅಣ್ಣ, ಹದಿನೆಂಟರ ಹರೆಯದ ಕೂಲ್ ಹರ್ಕ್, ಎರಡು ರೆಕಾರ್ಡ್ ಪ್ಲೇಯರುಗಳ ನೆರವಿನಿಂದ ಹಾಡಿನ ತಾಳವಾದ್ಯದ ತುಣುಕನ್ನು ಮಾತ್ರ ಮತ್ತೆ ಮತ್ತೆ ನುಡಿಸುತ್ತ, ಅದರ ಮೇಲೆ ಮೈಕಿನಲ್ಲಿ ಗೆಳೆಯರ ಹೆಸರುಗಳನ್ನು ಕೂಗಿದ. ಪತ್ರಿಕೆಗಳಲ್ಲಿ ಬೆಂಕಿಯ ಸುದ್ದಿಯಾಗಿಯೋ ಅಪರಾಧದ ಸುದ್ದಿಯಾಗಿಯೋ ಮಾತ್ರ ಕಾಣಿಸಿಕೊಳ್ಳುತ್ತಿದ್ದ ಕೇರಿಯ ಮಕ್ಕಳಿಗೆ ತಮ್ಮ ಹೆಸರು ಧ್ವನಿವರ್ಧಕದಲ್ಲಿ ಕೇಳಿಸಿದ್ದು ಸಣ್ಣ ಸಂಗತಿಯಲ್ಲ. ಹೀಗೆ ಹೆಸರು ಕೂಗುವುದರೊಂದಿಗೇ ಈ ಕಲೆ ಶುರುವಾಯಿತು.

ವಚನದಲ್ಲಿ ವಿನಯವಿತ್ತು ಎಂಬ ನಿಮ್ಮ ಮಾತನ್ನು ಒಪ್ಪುತ್ತೇನೆ, ಆದರೆ ಪೂರ್ತಿಯಾಗಿ ಅಲ್ಲ. ವಚನಕಾರರಲ್ಲಿ ಬಹುಪಾಲು ಮಂದಿ ಇಷ್ಟದೈವದ ಹೆಸರನ್ನು ಅಂಕಿತವಾಗಿಟ್ಟುಕೊಂಡಾಗ, ದೋಣಿ ನಡೆಸುವ ಚೌಡಯ್ಯ ತನ್ನ ಕಸುಬನ್ನೂ ತನ್ನ ಹೆಸರನ್ನೂ ಸೇರಿಸಿ 'ಅಂಬಿಗರ ಚೌಡಯ್ಯ' ಎಂದೇ ವಚನವನ್ನು ಮುಗಿಸಿದ. ನೀವು ಎಷ್ಟೋ ವರ್ಷ ತರಗತಿಯಲ್ಲಿ ಇದನ್ನು ಪಾಠ ಮಾಡಿದ್ದೀರಿ. ಆ ಅಂಕಿತವನ್ನು ಗೌರವದಿಂದ ಓದಿಸಿದ ನಾವು ಗ್ಯಾರೇಜಿನ ಹುಡುಗನ ಅಂಕಿತವನ್ನು ಕೇಳಿ ಮುಖ ಸಿಂಡರಿಸುವುದು ನ್ಯಾಯವಲ್ಲ.

ಚಿನ್ನದ ಸರದ ವಿಷಯದಲ್ಲಿ ಮಾತ್ರ ನಿಮ್ಮ ಅಸಮಾಧಾನದಲ್ಲಿ ಅರ್ಧ ನನ್ನದೂ ಹೌದು. ಅಂಗಡಿಯ ಗಾಜಿನಾಚೆಯಿಂದ ಮಾತ್ರ ಸರವನ್ನು ನೋಡಿದ್ದವನು ಅದನ್ನು ಕೊರಳಿಗೆ ಹಾಕಿಕೊಂಡ ದಿನದ ಬಗ್ಗೆ ಹಾಡಿದರೆ, ಅದರಲ್ಲಿ ಅಂಗಡಿಯಾತ ಹಿಂದೆ ತನ್ನನ್ನು ನೋಡಿದ್ದ ನೋಟದ ನೆನಪೂ ಇರುತ್ತದೆ, ಆಗ ಆ ಸಾಲು ಕಾವ್ಯವಾಗುತ್ತದೆ. ಆ ನೋಟವನ್ನು ಬಿಟ್ಟು ಸರದ ತೂಕವನ್ನಷ್ಟೇ ಹೇಳಿದರೆ ಅದು ಆಭರಣದಂಗಡಿಯ ಜಾಹೀರಾತು. ಎರಡನೆಯ ಬಗೆಯವೇ ಹೆಚ್ಚು ಕಿವಿಗೆ ಬೀಳುತ್ತವೆಂಬುದು ನಿಜ. ಆದರೆ ಇದೇ ಪ್ರಕಾರದಲ್ಲಿ ಬರೆದ ಅಮೆರಿಕದ ಕೆಂಡ್ರಿಕ್ ಲಾಮಾರ್ ಎಂಬ ಕವಿಗೆ 2018ರಲ್ಲಿ ಪುಲಿಟ್ಜರ್ ಸಂಗೀತ ಪ್ರಶಸ್ತಿ ಬಂದಿದೆ. ಅದುವರೆಗೆ ಶಾಸ್ತ್ರೀಯ ಸಂಗೀತಕ್ಕೂ ಜಾಝಿಗೂ ಮಾತ್ರ ಮೀಸಲಾದಂತಿದ್ದ ಗೌರವ ಅದು.

ಪ್ರಶ್ನೆ: ನಮ್ಮ ಯಜಮಾನರು ಕೆಲಸದಲ್ಲಿದ್ದ ಕಾರ್ಖಾನೆ ನಿಂತು ವರ್ಷಗಳಾದವು. ಮಗ ಪಿಯುಸಿ ಮುಗಿಸಿ ಮೊಬೈಲ್ ಅಂಗಡಿಯಲ್ಲಿದ್ದಾನೆ. ರಾತ್ರಿಯೆಲ್ಲ ರ‍್ಯಾಪ್ ಬರೆಯುತ್ತಾನೆ. ಅವನಿಲ್ಲದಾಗ ನೋಟ್ ಪುಸ್ತಕ ತೆರೆದು ನೋಡಿದೆ. ಬರೀ ಗನ್ನು, ಲಾಂಗು, ಜೈಲು, ಪುಡಿ ಇವೇ ಇವೆ. ನಮ್ಮ ಮನೆಯಲ್ಲಿ ಅಂಥದ್ದೇನೂ ಇಲ್ಲ. ಅವನು ಹಾಳಾಗುತ್ತಿದ್ದಾನೆಯೇ? ಪುಸ್ತಕ ಸುಟ್ಟುಬಿಡಲೇ ಎಂದು ಕೂಡ ಅನ್ನಿಸಿದೆ.
– ಒಬ್ಬ ತಾಯಿ, ಭದ್ರಾವತಿ

ಉತ್ತರ: ತಾಯಿ, ದಯವಿಟ್ಟು ಪುಸ್ತಕವನ್ನು ಸುಡಬೇಡಿ. ನಿಮ್ಮ ಹೆದರಿಕೆ ಹುಸಿ ಎಂದೂ ನಾನು ಹೇಳುವುದಿಲ್ಲ. ಈ ಹಾಡುಗಾರಿಕೆಯ ಚರಿತ್ರೆಯಲ್ಲಿ ನಿಜವಾದ ರಕ್ತ ಹರಿದಿದೆ. ಅಮೆರಿಕದ ಟೂಪಾಕ್ ಶಕೂರ್ 1996ರ ಸೆಪ್ಟೆಂಬರಿನಲ್ಲಿ ಗುಂಡೇಟಿನಿಂದ ಸತ್ತಾಗ ಅವನಿಗೆ 25 ವರ್ಷ. ಆರು ತಿಂಗಳು ಕಳೆಯುವುದರೊಳಗೆ, 1997ರ ಮಾರ್ಚಿನಲ್ಲಿ, ಅವನ ಎದುರಾಳಿಯೆಂದು ಜನ ಎಣಿಸುತ್ತಿದ್ದ ನಟೋರಿಯಸ್ ಬಿ.ಐ.ಜಿ. ಕೂಡ ಹಾಗೆಯೇ ಸತ್ತ, ಅವನಿಗೆ 24 ವರ್ಷ. ಇಬ್ಬರೂ ಕಣ್ಣೆದುರು ಕಂಡ ಬದುಕನ್ನೇ ಹಾಡಾಗಿಸಿದವರು, ಆ ಬದುಕೇ ಅವರನ್ನು ನುಂಗಿತು. ಹಾಡು ಬೇರೆ, ಜೀವನ ಬೇರೆ ಎಂದು ಸುಲಭವಾಗಿ ಹೇಳಿ ನಿಮ್ಮನ್ನು ಸಮಾಧಾನಪಡಿಸಲು ನನಗೆ ಮನಸ್ಸಿಲ್ಲ.

ಆದರೆ ನಿಮ್ಮ ಪತ್ರದ ಒಂದು ಮಾತು ನನಗೆ ಬಹಳ ಮುಖ್ಯವೆನಿಸಿತು: 'ನಮ್ಮ ಮನೆಯಲ್ಲಿ ಅಂಥದ್ದೇನೂ ಇಲ್ಲ'. ಕಳೆದ ಸಂಚಿಕೆಯಲ್ಲಿ ನಾನು ಹೇಳಿದ ಹುಡುಗನ ಕಥೆಯನ್ನು ಈಗ ಪೂರ್ತಿಯಾಗಿ ಹೇಳಬೇಕು. ಆಷಾಢದ ಒಂದು ಸಂಜೆ ಸ್ಕೂಟರ್ ರಿಪೇರಿಗೆ ಕೊಟ್ಟು ಆ ಶೆಡ್ಡಿನಲ್ಲಿ ಕಾಯುತ್ತ ಕುಳಿತಿದ್ದೆ. ತಗಡಿನ ಮೇಲೆ ಮಳೆ ಹೊಡೆಯುತ್ತಿತ್ತು. ಹುಡುಗ ಬೋರಲು ಹಾಕಿದ ಬಕೆಟಿನ ಮೇಲೆ ಮೊಬೈಲ್ ಇಟ್ಟು ಬೀಟ್, ಅಂದರೆ ಹಿನ್ನೆಲೆಯ ತಾಳ, ಹಚ್ಚಿ, ಕೆಲಸ ನಿಲ್ಲಿಸದೆಯೇ ಹಾಡತೊಡಗಿದ. ದನಿ ಗಟ್ಟಿಯಾಗಿತ್ತು, ತಾಳ ಎಲ್ಲಿಯೂ ತಪ್ಪಲಿಲ್ಲ, ಸಾಲುಗಳಲ್ಲಿ ಮಾತ್ರ ಗನ್ನು, ಗ್ಯಾಂಗು, ಬಾಂಬೆ. ಮುಗಿದ ಮೇಲೆ, "ಗನ್ನು ನೋಡಿದ್ದೀಯೇನಪ್ಪಾ?" ಎಂದು ಕೇಳಿದೆ. "ಇಲ್ಲ ಸಾರ್, ಪಿಚ್ಚರಲ್ಲಿ" ಎಂದ. "ಹಾಗಾದರೆ ಇಲ್ಲಿ ಏನು ನೋಡಿದ್ದೀಯ?" ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಎಡಗೈ ಹೆಬ್ಬೆರಳನ್ನು ಮುಂದೆ ಹಿಡಿದ. 12-13ರ ಸ್ಪ್ಯಾನರ್ ಜಾರಿ ಬಡಿದು ಉಗುರು ನಡುವೆ ಸೀಳಿತ್ತು, ಸೀಳಿನೊಳಗೆ ಗ್ರೀಸು ಕೂತು ಕಪ್ಪು ಗೆರೆಯಾಗಿತ್ತು. "ಇದು ಹೋಗಲ್ಲ ಸಾರ್. ಮದುವೆ ಮನೇಲಿ ಊಟಕ್ಕೆ ಕೂತ್ರೆ ಈ ಕೈನೇ ನೋಡ್ತಾರೆ" ಎಂದ. ಅವನ ಹಾಡಿನ ಮೊದಲ ಸಾಲು ಅಲ್ಲಿದೆ ಎಂದು ನಾನು ಹೇಳಿದೆ. ಮುಂದಿನ ವಾರ ಅವನು ಹೇಳಿದ ಹಾಡಿನಲ್ಲಿ ಗನ್ನು ಇರಲಿಲ್ಲ, ಆ ಉಗುರಿತ್ತು, ಬಾಳೆಲೆಯ ಆಚೆ ಕುಳಿತವರ ಕಣ್ಣುಗಳಿದ್ದವು. ಅದನ್ನು ಕೇಳಿಯೇ ನಾನು ಲಾವಣಿ ಎಂಬ ಪದ ಬಳಸಿದ್ದು.

ನಿಮ್ಮ ಮಗನ ಪುಸ್ತಕದಲ್ಲಿರುವ ಲಾಂಗು, ಜೈಲುಗಳು ಬಹುಶಃ ಸಾಲ ತಂದ ಬೀದಿಯವು. ಅವನಿಗೆ ಸಿಟ್ಟಿದೆ. ಅದನ್ನು ಹೇಳಲು ತನ್ನ ಮನೆಯಲ್ಲಿರುವ ಸಾಮಗ್ರಿ ಸಾಲದೆಂದು ಅವನು ತಿಳಿದಿದ್ದಾನೆ. ಅದು ಹಾಗಲ್ಲವೆಂದು ಅವನಿಗೆ ತೋರಿಸಬಲ್ಲವರು ನೀವು. 1923ರಲ್ಲಿ ಕಬ್ಬಿಣದ ಕುಲುಮೆ ಹೊತ್ತಿಕೊಂಡ ಊರಿನಲ್ಲಿ, ಸೈರನ್ ಕೂಗಿಗೆ ಒಲೆ ಹಚ್ಚಿ ಡಬ್ಬಿ ಕಟ್ಟುತ್ತಿದ್ದ ಮನೆಗಳಲ್ಲಿ, ಒಂದು ಬೆಳಗ್ಗೆ ಸೈರನ್ ಕೂಗದೇ ಹೋದದ್ದನ್ನು ಅವನು ಬಾಲಕನಾಗಿ ಕೇಳಿದ್ದಾನೆ. ಅಪ್ಪ ಯೂನಿಫಾರ್ಮನ್ನು ಏನು ಮಾಡಿದರು, ಕ್ವಾರ್ಟರ್ಸು ಖಾಲಿ ಮಾಡಿದ ದಿನ ಯಾವ ಸಾಮಾನು ಬಿಟ್ಟುಬಂದಿರಿ, ಅಂಗಡಿಯ ಉದ್ರಿ ಪುಸ್ತಕದಲ್ಲಿ ನಿಮ್ಮ ಪುಟ ಎಷ್ಟು ಉದ್ದವಾಯಿತು ಎಂಬುದನ್ನೆಲ್ಲ ಅವನೊಡನೆ ಕೂತು ಮಾತಾಡಿ. 1982ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ತಂಡದವರು ಹೊರತಂದ ಒಂದು ಹಾಡು ಮೋಜಿನ ಮಾತುಗಳಲ್ಲಿ ಮುಳುಗಿದ್ದ ರ‍್ಯಾಪಿನ ದಿಕ್ಕನ್ನೇ ಬದಲಿಸಿತು. ಬೀದಿಯಲ್ಲಿ ಬಿದ್ದ ಒಡೆದ ಗಾಜು, ಮುಂದಿನ ಕೋಣೆಯ ಇಲಿ, ಹಿಂದಿನ ಕೋಣೆಯ ಜಿರಳೆ, ಇಂಥ ಮನೆಯ ಒಳಹೊರಗಿನ ಸಂಗತಿಗಳನ್ನು ಹೆಸರಿಟ್ಟು ಹೇಳಿದ್ದರಿಂದಲೇ ಅದು ಸಾಧ್ಯವಾಯಿತು.

ನಿಮ್ಮ ಊರಿಗೇ ಇಂಥ ಪರಂಪರೆಯಿದೆ ಎಂಬುದನ್ನೂ ಅವನಿಗೆ ತಿಳಿಸಿ. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ರೂಪುಗೊಂಡದ್ದು ಭದ್ರಾವತಿಯಲ್ಲಿ, ಅಲ್ಲಿ ಅಧ್ಯಾಪಕರಾಗಿದ್ದ ಪ್ರೊ. ಬಿ. ಕೃಷ್ಣಪ್ಪನವರ ಮುಂದಾಳುತನದಲ್ಲಿ. ತಮಟೆಯ ಬಡಿತಕ್ಕೆ ಹೋರಾಟದ ಹಾಡು ಹೇಳುತ್ತ ಆ ತಲೆಮಾರಿನ ಹುಡುಗರು ಊರೂರು ತಿರುಗಿದರು. ಅವರ ಸಿಟ್ಟು ಇವನ ಸಿಟ್ಟಿಗಿಂತ ಕಡಿಮೆಯದಾಗಿರಲಿಲ್ಲ, ಆದರೆ ಅವರ ಹಾಡಿನಲ್ಲಿದ್ದ ನೋವು ಅವರದೇ ಕೇರಿಯದಾಗಿತ್ತು.

ಇನ್ನೂ ಒಂದು ಮಾತು ಹೇಳಲೇಬೇಕು. ಅವನು ಬರೆದದ್ದನ್ನೇ ಅಪರಾಧದ ಪುರಾವೆಯೆಂದು ತಿಳಿಯಬೇಡಿ. ರ‍್ಯಾಪ್ ಸಾಲುಗಳನ್ನು ತಪ್ಪೊಪ್ಪಿಗೆಯಂತೆ ನ್ಯಾಯಾಲಯದಲ್ಲಿ ಓದಿ ಹೇಳುವ ರೂಢಿ ಅಮೆರಿಕದಲ್ಲಿ ಎಷ್ಟು ಬೆಳೆಯಿತೆಂದರೆ, ಅದಕ್ಕೆ ಕಡಿವಾಣ ಹಾಕಲು ಕ್ಯಾಲಿಫೋರ್ನಿಯಾ ರಾಜ್ಯ 2022ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ಆದರೆ ಪುಸ್ತಕದ ಆಚೆಗೆ ಏನಾದರೂ ಕಂಡರೆ, ಲೆಕ್ಕಕ್ಕೆ ಸಿಗದ ಹಣ, ರಾತ್ರಿ ಬಂದು ಕರೆಯುವ ಅಪರಿಚಿತರು, ಕೆಂಪಾದ ಕಣ್ಣು, ಹಾಸಿಗೆಯಡಿ ಇಟ್ಟ ಆಯುಧ, ಆಗ ಅದು ಹಾಡಿನ ವಿಷಯವಾಗಿ ಉಳಿಯುವುದಿಲ್ಲ. ಮನೆಯ ಹಿರಿಯರನ್ನೋ, ಅವನು ಗೌರವಿಸುವ ಮೇಷ್ಟ್ರನ್ನೋ, ವ್ಯಸನದ ಗುರುತು ಕಂಡರೆ ಆಸ್ಪತ್ರೆಯ ಮನೋವೈದ್ಯರನ್ನೋ ತಡಮಾಡದೆ ಕಾಣಿರಿ. ಅಂಥದ್ದೇನೂ ಇಲ್ಲದಿದ್ದರೆ, ಇವತ್ತು ರಾತ್ರಿ ಅವನ ಪಕ್ಕ ಕೂತು, "ನೀನು ಬರೆದದ್ದು ಒಂದು ಓದಿ ಹೇಳು ಮಗಾ" ಎಂದು ಕೇಳಿ. ಕದ್ದು ಓದಿದ್ದನ್ನೂ ಹೇಳಿಬಿಡಿ, ಮುಚ್ಚಿಡಬೇಡಿ.

ಪ್ರಶ್ನೆ: ರ‍್ಯಾಪಿಗೆ ಬೀದಿ ಬೇಕು ಎನ್ನುತ್ತಾರೆ. ನಮ್ಮದು ಹೊಸನಗರ ತಾಲ್ಲೂಕಿನ ಹಿನ್ನೀರಿನ ಬದಿಯ ಒಂಟಿಮನೆ. ಪಕ್ಕದ ಮನೆಗೆ ಅರ್ಧ ಕಿಲೋಮೀಟರ್. ಅಪ್ಪ ಅಮ್ಮ ಅಡಿಕೆ ಕೂಲಿಗೆ ಹೋಗುತ್ತಾರೆ. ಗಲ್ಲಿಯಿಲ್ಲ, ಸ್ಟುಡಿಯೋ ಇಲ್ಲ, ಗೋಡೆ ಏರದೆ ನೆಟ್‌ವರ್ಕೂ ಸಿಗುವುದಿಲ್ಲ. ನಾನು ಏನನ್ನು ಬರೆಯಲಿ?
– ಪದವಿ ವಿದ್ಯಾರ್ಥಿ

ಉತ್ತರ: ನಿಮ್ಮ ಪತ್ರದ ಒಂದೊಂದು ವಾಕ್ಯವೂ ಹಾಡಿನ ವಸ್ತು, ಇದನ್ನು ಉಪಚಾರಕ್ಕಾಗಿ ಹೇಳುತ್ತಿಲ್ಲ. ಡಿವೈನ್, ನೇಜಿ ಎಂಬ ಮುಂಬಯಿಯ ಹುಡುಗರು 2015ರಲ್ಲಿ ತಮ್ಮ ಗಲ್ಲಿಯ ಬಗ್ಗೆ ಹಾಡಿ ದೇಶಕ್ಕೆಲ್ಲ ಪರಿಚಿತರಾದರು. ನೇಜಿ ತನ್ನ ಮೊದಲ ವಿಡಿಯೋವನ್ನು ಕುರ್ಲಾದಲ್ಲಿ ಒಂದು ಐಪ್ಯಾಡಿನಲ್ಲಿಯೇ ಮಾಡಿದ್ದ. ಅವರು ಗಲ್ಲಿಯನ್ನು ಹಾಡಿದ್ದು ಅವರು ಇದ್ದದ್ದು ಗಲ್ಲಿಯಲ್ಲಾದ್ದರಿಂದ. ನೀವು ಗಲ್ಲಿಯನ್ನು ಹಾಡಿದರೆ ಅವರ ಹಾಡಿನ ನೆರಳಾಗುತ್ತೀರಿ.

ನಿಮ್ಮ ಬೀದಿ ನೀರಿನ ಕೆಳಗಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿ ಕಣಿವೆಯ ಎಷ್ಟೋ ಊರುಗಳು ಮುಳುಗಿದವು. ಎಬ್ಬಿಸಲ್ಪಟ್ಟ ಕುಟುಂಬಗಳಲ್ಲಿ ಹಲವರು ಕೊಟ್ಟ ಭೂಮಿಯ ಹಕ್ಕುಪತ್ರಕ್ಕಾಗಿ ಇಂದಿಗೂ ಕಚೇರಿ ಅಲೆಯುತ್ತಿದ್ದಾರೆ. ನಾಡಿಗೆಲ್ಲ ಬೆಳಕು ಕೊಟ್ಟ ನೀರಿನ ದಡದಲ್ಲಿ ಬುಡ್ಡಿ ದೀಪದಲ್ಲಿ ಓದಿದ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ 2025ರ ಜುಲೈಯಲ್ಲಿ ತೆರೆಯುವವರೆಗೆ ಗರ್ಭಿಣಿಯರೂ ರೋಗಿಗಳೂ ಅಲ್ಲಿ ಲಾಂಚಿಗೆ ಕಾಯಬೇಕಾಗಿತ್ತು. ಮಳೆಗಾಲದಲ್ಲಿ ಕಾಲುಸಂಕ ದಾಟುವ ಮಕ್ಕಳು, 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಗಿ ಇಂದಿಗೂ ಬೇಸಿಗೆ ಬಂತೆಂದರೆ ಹೆದರಿಸುವ ಮಂಗನ ಕಾಯಿಲೆ, ಗೇಣಿಯ ಅನ್ಯಾಯದ ವಿರುದ್ಧ 1951ರಲ್ಲಿ ಎದ್ದು ನಿಂತ ಕಾಗೋಡಿನ ರೈತರು, ಇವೆಲ್ಲ ನಿಮ್ಮ ಸುತ್ತಲಿನವೇ. ಆದರೆ ಎಲ್ಲವನ್ನೂ ಒಂದೇ ಹಾಡಿಗೆ ತುಂಬಬೇಡಿ. ಮೊದಲ ಹಾಡಿಗೆ ನಿಮ್ಮ ಅಮ್ಮ ಅಡಿಕೆ ಸುಲಿಯುವ ಒಂದೇ ಒಂದು ರಾತ್ರಿ ಸಾಕು. ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತ ಹೆಂಗಸರು, ತುಂಬಿದ ಡಬ್ಬಗಳ ಲೆಕ್ಕ, ಬೆಳಗಾದರೂ ಬೆರಳಿನಿಂದ ಹೋಗದ ಕಪ್ಪು, ನಿದ್ದೆ ಬಾರದಿರಲೆಂದು ಅವರು ಆಡುವ ಮಾತು ಮತ್ತು ನಗು. ನಗುವನ್ನು ಬಿಡಬೇಡಿ. ಕಷ್ಟದಲ್ಲಿರುವವರು ಸದಾ ಅಳುತ್ತಲೇ ಇರುತ್ತಾರೆಂದು ಬರೆಯುವುದು ದೂರದಿಂದ ನೋಡಿದವರ ಅಭ್ಯಾಸ.

ದೀಪಾವಳಿಯಲ್ಲಿ ನಿಮ್ಮ ಕಡೆ ಅಂಟಿಗೆ-ಪಂಟಿಗೆಯವರು ದೀಪ ಆರದಂತೆ ಕಾಪಾಡಿಕೊಂಡು, ಕತ್ತಲಲ್ಲಿ ಮೈಲಿಗಟ್ಟಲೆ ನಡೆದು, ಒಂಟಿಮನೆಗಳ ಬಾಗಿಲಲ್ಲಿ ಹಾಡುತ್ತಾರಲ್ಲವೇ? ಬೀದಿಯಿಲ್ಲದ ನಾಡಿನಲ್ಲಿ ಅವರು ನಡೆದ ದಾರಿಯೇ ಬೀದಿಯಾಯಿತು. ಅವರ ಮಟ್ಟುಗಳನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳಿ. ಚೆನ್ನೈಯಲ್ಲಿ 2018ರ ಜನವರಿಯಲ್ಲಿ ಮೊದಲ ಕಛೇರಿ ನಡೆಸಿದ ಕ್ಯಾಸ್ಟ್‌ಲೆಸ್ ಕಲೆಕ್ಟಿವ್ ತಂಡ ಉತ್ತರ ಚೆನ್ನೈಯ ಶ್ರಮಿಕರ ಕೇರಿಗಳ ಗಾನಾ ಎಂಬ ಹಾಡನ್ನು ರ‍್ಯಾಪಿನೊಡನೆ ಬೆರೆಸಿದ್ದರಿಂದಲೇ ಅದರ ದನಿ ಬೇರೆಯಾಗಿ ಕೇಳಿಸಿತು.

ಪ್ರಶ್ನೆ: ಇದರಿಂದ ಹೊಟ್ಟೆ ತುಂಬುತ್ತದೆಯೇ? ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಲೇ?
– ಓದುಗ, ಶಿಕಾರಿಪುರ

ಉತ್ತರ: ಈಗಲೇ ಕೆಲಸ ಬಿಡಬೇಡಿ. ಕನ್ನಡದಲ್ಲಿ ಚಂದನ್ ಶೆಟ್ಟಿ, ಆಲ್ ಓಕೆ ಅಂಥವರು ಹೆಸರು, ಹಣ ಎರಡನ್ನೂ ಗಳಿಸಿದ್ದಾರೆ, ಆದರೆ ಅವರ ಹಿಂದೆ ಬಹಳ ವರ್ಷಗಳ ದುಡಿಮೆಯಿದೆ. ಅಂತರ್ಜಾಲದಲ್ಲಿ ಬಿಟ್ಟಿ ಸಿಗುವ ಬೀಟಿನ ಮೇಲೆ ಹಾಡಿ ಬಿಡುಗಡೆ ಮಾಡುವ ಮುನ್ನ ಅದರ ಷರತ್ತನ್ನು ಓದಿ. ಅಭ್ಯಾಸಕ್ಕೆ ಮಾತ್ರ ಬಿಟ್ಟಿ, ಹಣ ಗಳಿಸುವ ಹಾಡಿಗೆ ಪರವಾನಗಿ ಬೇಕು ಎಂಬ ಷರತ್ತು ಸಾಮಾನ್ಯ. ಹಾಡು ಜನಪ್ರಿಯವಾದ ಮೇಲೆ ಬೀಟ್ ಮಾಡಿದವರು ಬಂದು ಕೇಳಿದರೆ ಗಳಿಕೆ ನಿಮ್ಮ ಕೈಗೆ ಉಳಿಯುವುದಿಲ್ಲ. 2012ರ ಹಕ್ಕುಸ್ವಾಮ್ಯ ತಿದ್ದುಪಡಿಯಿಂದ ಗೀತರಚನಕಾರರ ರಾಯಧನದ ಹಕ್ಕು ಗಟ್ಟಿಯಾಗಿದೆ. ಆದ್ದರಿಂದ ಯಾವ ಕಾಗದಕ್ಕೂ ಓದದೆ ಸಹಿ ಹಾಕಬೇಡಿ. ಊರಿನಲ್ಲಿದ್ದುಕೊಂಡೇ ಹತ್ತು ಹಾಡು ಮಾಡಿ, ಆಮೇಲೆ ಬೆಂಗಳೂರಿನ ಮಾತು.

ಪ್ರಶ್ನೆ: ಇಂಗ್ಲಿಷ್, ಹಿಂದಿ ರ‍್ಯಾಪಿನಲ್ಲಿ ಬರುವ ಏಟು ಕನ್ನಡದಲ್ಲಿ ಬರುವುದಿಲ್ಲ. ಎಷ್ಟು ಬರೆದರೂ ಪ್ರಾಸ ಚಪ್ಪೆಯಾಗುತ್ತದೆ. ಭಾಷೆಯದೇ ದೋಷವೇ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ದೋಷ ಭಾಷೆಯದಲ್ಲ, ಪ್ರಾಸವನ್ನು ಇಡುವ ಜಾಗದ್ದು. ಕನ್ನಡದ ವಾಕ್ಯ ಸಾಮಾನ್ಯವಾಗಿ ಕ್ರಿಯಾಪದದಲ್ಲಿ ಮುಗಿಯುತ್ತದೆ. ನೀವು ಕಳಿಸಿದ ಹಾಡಿನಲ್ಲಿ 'ಹೋಗುತ್ತೇನೆ, ಬರುತ್ತೇನೆ, ಗೆಲ್ಲುತ್ತೇನೆ, ನಿಲ್ಲುತ್ತೇನೆ' ಎಂದು ಹದಿನಾರು ಸಾಲೂ ಒಂದೇ ಪ್ರತ್ಯಯದಲ್ಲಿ ಮುಗಿದಿವೆ. ಆ ಪ್ರಾಸವನ್ನು ವ್ಯಾಕರಣ ತಾನಾಗಿ ಕೊಟ್ಟಿದೆ, ನೀವು ಹುಡುಕಿ ತಂದದ್ದಲ್ಲ, ಹಾಗಾಗಿ ಕೇಳುಗನಿಗೆ ಅದರಲ್ಲಿ ಅಚ್ಚರಿಯಿಲ್ಲ. ನಮ್ಮ ಹಳೆಯ ಕವಿಗಳಿಗೆ ಇದು ತಿಳಿದಿತ್ತೋ ಏನೋ, ಅವರು ಪ್ರಾಸವನ್ನು ಸಾಲಿನ ಕೊನೆಯಿಂದ ಎತ್ತಿ ಆರಂಭದಲ್ಲಿ, ಎರಡನೆಯ ಅಕ್ಷರದಲ್ಲಿ ಇಟ್ಟರು. ಅದನ್ನೇ ಆದಿಪ್ರಾಸ ಎನ್ನುತ್ತೇವೆ. ಎರಡನೆಯ ಅಕ್ಷರದ ವ್ಯಂಜನ ಪ್ರತಿ ಸಾಲಿನಲ್ಲೂ ಮರಳಿ ಬಂದಾಗ, ಸಾಲು ಶುರುವಾಗುತ್ತಿದ್ದಂತೆಯೇ ಕಿವಿಗೆ ಏಟು ಬೀಳುತ್ತದೆ.

ಇನ್ನು ತಾಳದ ಮಾತು. ನಿಮಿಷಕ್ಕೆ 90 ಬಡಿತದ ಬೀಟನ್ನು ತೆಗೆದುಕೊಳ್ಳಿ. ಒಂದು 'ಬಾರ್', ಅಂದರೆ ತಾಳದ ಒಂದು ಆವರ್ತಕ್ಕೆ ನಾಲ್ಕು ಬಡಿತ, ಒಂದೊಂದು ಬಡಿತವನ್ನು ನಾಲ್ಕು ಭಾಗ ಮಾಡಿದರೆ ಹದಿನಾರು. ಹರಿಹರ ಕವಿ ನೂರಾರು ವರ್ಷಗಳ ಹಿಂದೆ ಶರಣರ ಕಥೆಗಳನ್ನು ಹೇಳಲು ಬಳಸಿದ ಮಂದಾನಿಲ ರಗಳೆಯ ಸಾಲಿನಲ್ಲಿಯೂ ಹದಿನಾರೇ ಮಾತ್ರೆ, ನಾಲ್ಕು ನಾಲ್ಕರ ನಾಲ್ಕು ಗಣ. ಒಂದು ಮಾತ್ರೆಯನ್ನು ಬಡಿತದ ಕಾಲು ಭಾಗಕ್ಕೆ ಕೂರಿಸಿದರೆ ರಗಳೆಯ ಒಂದು ಸಾಲು ಒಂದು ಬಾರಿನಲ್ಲಿ ಸರಿಯಾಗಿ ಕುಳಿತುಕೊಳ್ಳುತ್ತದೆ. ಇದನ್ನು ತೋರಿಸಲೆಂದೇ ನಾಲ್ಕು ಸಾಲು ಕಟ್ಟಿದ್ದೇನೆ. ವಸ್ತು ಮಾತ್ರ ಹೊಸನಗರದ ಆ ವಿದ್ಯಾರ್ಥಿಯದು:

ಬೆರಳಿನ ಕಪ್ಪಿದು ಅಡಿಕೆಯ ಕಪ್ಪು
ಇರುಳಿನ ನಿದ್ದೆಗೆ ಡಬ್ಬದ ಲೆಕ್ಕ
ಕರೆಯದೆ ಬಂದಿತು ಸಾಲದ ಚೀಟಿ
ಬರೆಯದೆ ಉಳಿಯಿತು ಅಮ್ಮನ ಹೆಸರು

ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ರಕಾರವಿದೆ. ಒಂದು ಸಾಲೂ ಕ್ರಿಯಾಪದದಲ್ಲಿ ಮುಗಿಯುವುದಿಲ್ಲ. ಕೊನೆಯ ಗಣದಲ್ಲಿ ಒಂದು ಮಾತ್ರೆಯ ಜಾಗ ಖಾಲಿಯಿದೆ, ಉಸಿರು ತೆಗೆದುಕೊಳ್ಳುವುದು ಅಲ್ಲಿ. ಬೀಟ್ ಹಚ್ಚಿಕೊಂಡು ಜೋರಾಗಿ ಹೇಳಿ ನೋಡಿ. ಇದು ಅಭ್ಯಾಸದ ಪಾಠವೇ ಹೊರತು ಒಳ್ಳೆಯ ಹಾಡೆಂದು ನಾನು ಹೇಳುತ್ತಿಲ್ಲ. ಹದಿನಾರು ಸಾಲೂ ಹೀಗೆಯೇ ಸಾಗಿದರೆ ಕಿವಿ ದಣಿಯುತ್ತದೆ. ಎಂಟು ಸಾಲು ನಾಲ್ಕರ ನಡೆಯಲ್ಲಿ ಹೇಳಿ, ಆಮೇಲೆ ಮೂರು ಮಾತ್ರೆಯ ಉತ್ಸಾಹ ರಗಳೆಯ ಗತಿಗೆ ಜಿಗಿದರೆ ಅದೇ ಬೀಟ್ ಓಡಿದಂತೆ ಕೇಳಿಸುತ್ತದೆ. ಯಕ್ಷಗಾನದ ಭಾಗವತರು ಒಂದೇ ಪದದೊಳಗೆ ನಡೆ ಬದಲಿಸುವುದನ್ನು ಮದ್ದಲೆಯ ಪಕ್ಕ ಕುಳಿತು ಒಂದು ರಾತ್ರಿ ಕೇಳಿ. ಶಾಲೆಯಲ್ಲಿ ಅಂಕಕ್ಕಾಗಿ ಪ್ರಸ್ತಾರ ಹಾಕಿದ ಛಂದಸ್ಸು ಆಗ ಕೈಗೆ ಉಪಯೋಗಕ್ಕೆ ಬರುತ್ತದೆ.

ಶಬ್ದಗಳ ಬಗ್ಗೆಯೂ ಒಂದು ಮಾತು. ಹಾಡಿಗೆ ನೀವು ಪುಸ್ತಕದ ಕನ್ನಡ ಬಳಸಿದ್ದೀರಿ, ನಡುನಡುವೆ ಇಂಗ್ಲಿಷ್ ಬೈಗುಳ. ಗಾಂಧಿ ಬಜಾರಿನಲ್ಲಿ ಕೈಗಾಡಿ ತಳ್ಳುವವರು, ಗೋಪಿ ಸರ್ಕಲ್ಲಿನಲ್ಲಿ ಆಟೋ ನಿಲ್ಲಿಸಿದವರು ಆಡುವ ಮಾತು ಇವೆರಡೂ ಅಲ್ಲ. ಈ ಅಂಕಣವನ್ನು ನಾನು ಗ್ರಾಂಥಿಕ ಭಾಷೆಯಲ್ಲಿ ಬರೆಯುತ್ತೇನೆ, ಅದು ಅಂಕಣದ ರೂಢಿ. ನಿಮ್ಮ ಹಾಡಿಗೆ ಆ ರೂಢಿ ಬೇಡ.

ಪ್ರಶ್ನೆ: ಎಲ್ಲರೂ ಬೀದಿ, ಬೀದಿ ಎನ್ನುತ್ತಾರೆ. ಸಾಗರದಲ್ಲಿ ಸಂಜೆ ಏಳಾದ ಮೇಲೆ ನಾನು ಬೀದಿಯಲ್ಲಿ ನಿಂತರೆ ಮನೆಯಲ್ಲಿ ಪ್ರಶ್ನೆ ಏಳುತ್ತದೆ. ಬೀದಿಯಲ್ಲಿ ನಿಲ್ಲಲಾಗದ ಹುಡುಗಿ ಬೀದಿಯ ಹಾಡು ಬರೆಯಬಹುದೇ?
– ವಿದ್ಯಾರ್ಥಿನಿ, ಸಾಗರ

ಉತ್ತರ: ನೀವು ಬರೆಯಲೇಬೇಕು, ಏಕೆಂದರೆ ಆ ಬೀದಿಯ ಅರ್ಧ ಕಥೆ ನಿಮ್ಮಲ್ಲಿದೆ. ಬಸ್ ಸ್ಟ್ಯಾಂಡಿನಿಂದ ಮನೆಯವರೆಗೆ ಯಾವ ಅಂಗಡಿಯ ದೀಪ ಎಷ್ಟು ಗಂಟೆಯವರೆಗೆ ಉರಿಯುತ್ತದೆ, ಯಾವ ತಿರುವಿನಲ್ಲಿ ಹೆಜ್ಜೆ ಬೀಸಬೇಕು, ಫೋನಿನಲ್ಲಿ ಯಾರೂ ಇಲ್ಲದಿದ್ದರೂ ಮಾತಾಡುತ್ತಿರುವಂತೆ ಎಲ್ಲಿ ನಟಿಸಬೇಕು ಎಂಬುದು ಅಲ್ಲಿಯೇ ಹರಟೆ ಹೊಡೆಯುತ್ತ ನಿಂತ ಹುಡುಗರಿಗೆ ತಿಳಿಯದು. ಅವರು ನಿಂತು ಕಂಡ ಬೀದಿಯನ್ನು ನೀವು ನಡೆದು ಕಂಡಿದ್ದೀರಿ.

ಈ ಕಲೆಯ ಮೊದಲ ಸಂತೋಷಕೂಟವನ್ನು ಏರ್ಪಡಿಸಿದ್ದೇ ಒಬ್ಬ ಹುಡುಗಿಯೆಂದು ಮೇಲೆ ಹೇಳಿದೆ. 1984ರಲ್ಲಿ ಅಮೆರಿಕದ ಹಾಡುಗಾರ್ತಿ ರೊಕ್ಸಾನ್ ಶಾಂಟೆ ತನ್ನ ಮೊದಲ ಹಾಡಿನಲ್ಲಿ ಹುಡುಗರ ಗುಂಪೊಂದಕ್ಕೆ ಮುಖಕ್ಕೆ ಮುಖ ಕೊಟ್ಟು ಉತ್ತರಿಸಿದಾಗ ಅವಳಿಗೆ ಹದಿನಾಲ್ಕು ವರ್ಷ. 1999ರಲ್ಲಿ ವರ್ಷದ ಶ್ರೇಷ್ಠ ಆಲ್ಬಂ ಎಂಬ ಅಮೆರಿಕದ ಗ್ರ್ಯಾಮಿ ಸಂಗೀತ ಪ್ರಶಸ್ತಿ ಹಿಪ್-ಹಾಪ್ ಎಂಬ ಈ ಪ್ರಕಾರಕ್ಕೆ ಮೊದಲ ಬಾರಿ ಬಂದದ್ದು ಲಾರಿನ್ ಹಿಲ್ ಎಂಬ ಹೆಣ್ಣುಮಗಳ ಮೂಲಕ. ನಮ್ಮ ನೆರೆಯ ತಮಿಳುನಾಡಿನ ಸೋಫಿಯಾ ಅಶ್ರಫ್ 2015ರಲ್ಲಿ ಕೊಡೈಕೆನಾಲಿನ ಥರ್ಮಾಮೀಟರ್ ಕಾರ್ಖಾನೆಯ ಪಾದರಸದ ವಿಷದ ಬಗ್ಗೆ ಮಾಡಿದ ರ‍್ಯಾಪ್ ಲಕ್ಷಾಂತರ ಜನರನ್ನು ತಲುಪಿತು, ಮರುವರ್ಷ ಕಂಪನಿ ತನ್ನ ಹಳೆಯ ಕಾರ್ಮಿಕರೊಡನೆ ಒಪ್ಪಂದಕ್ಕೆ ಬಂತು. ಒಂದು ಹಾಡಿನಿಂದಲೇ ಅದಾಯಿತೆಂದು ನಾನು ಹೇಳಲಾರೆ, ಕಾರ್ಮಿಕರು ಅದಕ್ಕೂ ಮೊದಲಿನಿಂದ ವರ್ಷಗಟ್ಟಲೆ ಹೋರಾಡಿದ್ದರು. ಅವರ ಹೋರಾಟವನ್ನು ಬೆಟ್ಟದಿಂದ ಇಳಿಸಿ ಊರೂರಿಗೆ ಕೇಳಿಸಿದ್ದು ಮಾತ್ರ ಆ ಹಾಡು.

ನಿಮ್ಮ ಮೊದಲ ಹಾಡಿಗೆ ಬಸ್ ಸ್ಟ್ಯಾಂಡಿನಿಂದ ಮನೆಯವರೆಗಿನ ಆ ನಡಿಗೆಯನ್ನೇ ಇಟ್ಟುಕೊಳ್ಳಿ. ಒಂದು ಸಂಜೆ ಹೆಜ್ಜೆಗಳನ್ನು ಎಣಿಸಿಕೊಂಡು ಬನ್ನಿ. ಎಲ್ಲಿ ನಿಧಾನವಾಗುತ್ತೀರಿ, ಎಲ್ಲಿ ಬೇಗವಾಗುತ್ತೀರಿ ಎಂದು ಮನೆಗೆ ಬಂದು ಗುರುತು ಹಾಕಿಕೊಳ್ಳಿ. ಬೀಟಿನ ಗತಿ ನಿಮಗೆ ಅದರಲ್ಲೇ ಸಿಗುತ್ತದೆ. ಬರೆದು ಮುಗಿದ ಮೇಲೆ ಧ್ವನಿಮುದ್ರಿಸಿ ಈ ಅಂಕಣದ ವಿಳಾಸಕ್ಕೆ ಕಳಿಸಿದರೆ, ಭದ್ರಾವತಿಯ ಹುಡುಗನೂ ಹೊಸನಗರದ ವಿದ್ಯಾರ್ಥಿಯೂ ಕಳಿಸಿದರೆ, ಮುಂದಿನ ತಿಂಗಳು ಆ ಸಾಲುಗಳನ್ನು ಇಲ್ಲಿಯೇ ಅಚ್ಚು ಮಾಡುತ್ತೇನೆ, ಬರೆದವರು ಒಪ್ಪಿದರೆ ಅವರವರ ಅಂಕಿತದೊಂದಿಗೆ.